ಸರ್ವಾನುಮತದ ಸಂಸಾರ

ನಡೆದದ್ದು ನಾಲ್ಕು ದಿನ, ಬರೆದದ್ದು ನೂರು ವರ್ಷ. ಈ ಸತ್ಯವನ್ನು ನಮ್ಮ ಗುಮಾಸ್ತರು ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಕಂಡುಕೊಂಡಿದ್ದರು. ನೀರು ಸರಬರಾಜು ಕಚೇರಿಯಲ್ಲಿ ಅವರದು ಸಭೆಗಳ ನಡಾವಳಿ ಬರೆಯುವ ಕೆಲಸ. ಸಭೆಯಲ್ಲಿ ಯಾರು ಏನು ಬೇಕಾದರೂ ಅರಚಿಕೊಳ್ಳಲಿ, ಕೊನೆಗೆ ಉಳಿಯುವುದು ಗುಮಾಸ್ತರು ಬರೆದದ್ದು ಮಾತ್ರ.

ಒಮ್ಮೆ ಹಿರಿಯ ಇಂಜಿನಿಯರು ಕಿರಿಯ ಇಂಜಿನಿಯರ ಮೇಲೆ ನೀರು ತುಂಬಿದ ಲೋಟ ಎಸೆದರು. ಕಿರಿಯರು ಬಗ್ಗಿದರು, ಲೋಟ ಗೋಡೆಯ ಗಡಿಯಾರಕ್ಕೆ ಬಡಿಯಿತು, ಗಡಿಯಾರ ಮೂರೂಕಾಲಿಗೆ ನಿಂತುಹೋಯಿತು. ನಡಾವಳಿಯಲ್ಲಿ ಬಂದದ್ದು ಹೀಗೆ: "ನೀರಿನ ಹಂಚಿಕೆಯ ಬಗ್ಗೆ ಹಿರಿಯ ಇಂಜಿನಿಯರವರು ಪ್ರಾತ್ಯಕ್ಷಿಕೆಯೊಂದಿಗೆ ವಿವರಿಸಿದರು. ಸುದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಇದನ್ನು ಓದಿ ಲೋಟ ಎಸೆದವರೂ ತಪ್ಪಿಸಿಕೊಂಡವರೂ ಇಬ್ಬರೂ ಸಂತೋಷದಿಂದ ಸಹಿ ಹಾಕಿದರು. ಅಂದಿನಿಂದ ಕಚೇರಿಯಲ್ಲಿ ಗುಮಾಸ್ತರ ಹೆಸರೇ 'ಸರ್ವಾನುಮತ' ಎಂದಾಯಿತು.

ಇಂಥ ಸರ್ವಾನುಮತದವರಿಗೆ ಸ್ವಂತ ಮನೆಯಲ್ಲಿ ಮಾತ್ರ ಒಂದು ಮತವೂ ಇರಲಿಲ್ಲ. ಬೀದಿಯಲ್ಲಿ ಹುಲಿ, ಮನೆಯಲ್ಲಿ ಇಲಿ ಎನ್ನುತ್ತಾರಲ್ಲ, ಅದರಲ್ಲಿ ಇಲಿಗಾದರೂ ಓಡಿಹೋಗಲು ಒಂದು ಬಿಲ ಇರುತ್ತದೆ. ಇವರ ಮನೆಯಲ್ಲಿ ಇದ್ದದ್ದು ಮೂರು ಜನ: ಇವರು, ಇವರ ಹೆಂಡತಿ, ಹೆಂಡತಿಯ ತಾಯಿ. ಹೆಂಡತಿ ಮುಂದಿನ ಹಾಲಿನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ನಾಲ್ಕು ಬೀದಿಯವರಿಗೆ ಬಟ್ಟೆ ಹೊಲಿಯುತ್ತಿದ್ದರು. ಯಾರ ತೋಳು ಎಷ್ಟು ಉದ್ದ, ಯಾರ ಸೊಂಟ ಹೋದ ವರ್ಷಕ್ಕಿಂತ ಎಷ್ಟು ಹಿಗ್ಗಿದೆ, ಎಲ್ಲವೂ ಆಕೆಗೆ ಬಾಯಿಪಾಠ. ಗಂಡ ಮದುವೆಯಾದ ಹೊಸತರಲ್ಲಿ ಆಡಿದ ಮಾತುಗಳೂ ಹಾಗೆಯೇ ಬಾಯಿಪಾಠ.

ದಿನಾ ಸಂಜೆ ಆರಕ್ಕೆ ಗುಮಾಸ್ತರು ಮನೆಗೆ ಬಂದು ಮರದ ಕುರ್ಚಿಯಲ್ಲಿ ಕೂತರೆ ಹೆಂಡತಿ ಟೀ ತಂದುಕೊಟ್ಟು, ಗುಂಡಿಯ ಕಾಜಾ ಹೊಲಿಯುತ್ತಾ ಆ ದಿನದ ಸುದ್ದಿ ಹೇಳುತ್ತಿದ್ದರು. ಗುಮಾಸ್ತರು "ಹೂಂ" ಎನ್ನುತ್ತಿದ್ದರು. ಟೀ ಒಂದು ಲೋಟ, ಹೂಂ ಸುಮಾರು ನಲವತ್ತು. ಆ ದಿನಗಳಲ್ಲಿ ನಡೆಯುತ್ತಿದ್ದುದು ಅಕ್ಕತಂಗಿಯರ ಕಥೆ. ಒಂದೇ ಮನೆಯ ಮೇಲಿನ ಅಂತಸ್ತಿನಲ್ಲಿ ಅಕ್ಕ, ಕೆಳಗೆ ತಂಗಿ. ಹನ್ನೊಂದು ವರ್ಷದಿಂದ ಮಾತಿಲ್ಲ. ತಂಗಿ ಒಂದು ಹಳೇ ನೀಲಿ ಅಂಗಿ ತಂದು, "ಇದೇ ಅಳತೆಗೆ ಹೊಸದೊಂದು ಹೊಲಿದುಕೊಡಿ, ಯಾರಿಗೆ ಅಂತ ಕೇಳ್ಬೇಡಿ" ಎಂದಿದ್ದಳು. ಮರುದಿನ ಅಕ್ಕ ಬಂದು, "ನನ್ನ ನೀಲಿ ಅಂಗಿ ಹಿಂದೆ ಯಾವಾಗ್ಲೋ ಗಾಳಿಗೆ ಎಲ್ಲೋ ಹಾರಿಹೋಯ್ತು, ಅಂಥದ್ದೇ ಇನ್ನೊಂದು ಬೇಕು" ಎಂದಿದ್ದಳು.

"ಈಗ ನೋಡಿ, ಎರಡೂ ಅಂಗಿ ಒಬ್ಬಳಿಗೇ! ನಾನೊಂದು ಉಪಾಯ ಮಾಡಿದ್ದೀನಿ ರೀ" ಎಂದರು ಹೆಂಡತಿ ಶನಿವಾರ ಸಂಜೆ. "ಸೋಮವಾರ ಹೇಳ್ತೀನಿ."

"ಹೂಂ" ಎಂದರು ಗುಮಾಸ್ತರು. ಅವರು ಕೇಳಿಸಿಕೊಂಡರೆಂದು ಯಾರೂ ಹೇಳಲಾರರು, ಹಾಗಿತ್ತು ಆ ಹೂಂ.

ಅನಾಹುತವಾದದ್ದು ಮಧ್ಯದ ಭಾನುವಾರ. ಹೆಂಡತಿಯ ಅಕ್ಕ ಮತ್ತು ಷಡ್ಡಕರು ದೂರದಿಂದ ಬಂದು, ಬೀಗ ಹಾಕಿದ ಬಾಗಿಲ ಮುಂದೆ ಎರಡು ಗಂಟೆ ಚೀಲದ ಮೇಲೆ ಕೂತು, ಸಿಟ್ಟಿನಿಂದ ವಾಪಸು ಹೋದರು. ಮನೆಯವರೆಲ್ಲ ಪೇಟೆಗೆ ಹೋಗಿದ್ದರು.

"ಅವರು ಬರ್ತಾರೆ ಅಂತ ನಿನಗೆ ಹೇಳಿದ್ನಲ್ಲೇ!" ಎಂದರು ಗುಮಾಸ್ತರು.

"ನೀವು ಹೇಳಿಲ್ಲ."

"ಹೇಳಿದ್ದೆ. ಬುಧವಾರ. ನೀನು ಆ ಕಡೆ ತಿರುಗಿಕೊಂಡಿದ್ದೆ."

"ಹಾಗಾದ್ರೆ ಗೋಡೆಗೆ ಹೇಳಿದ್ದೀರಾ. ಅದನ್ನೇ ಕೇಳಿ."

ಗುಮಾಸ್ತರು ಸಾಕ್ಷಿಗಾಗಿ ಅತ್ತೆಯ ಕಡೆ ನೋಡಿದರು. ಅತ್ತೆ ಕನ್ನಡಕ ಒರೆಸುತ್ತಾ, "ನನಗೆ ಪಕ್ಕದ ಮನೆ ನಲ್ಲಿ ತೊಟ್ಟಿಕ್ಕೋದೂ ಕೇಳುತ್ತೆ ಅಳಿಯಂದಿರೇ. ನೀವು ಹೇಳಿದ್ದು ಮಾತ್ರ ಕೇಳಿಲ್ಲ" ಎಂದರು.

ದಾಖಲೆಯಿಲ್ಲದ ಮನೆಯಲ್ಲಿ ನ್ಯಾಯವೆಲ್ಲಿ? ಗುಮಾಸ್ತರು ಆ ರಾತ್ರಿ ಒಂದು ನಿಶ್ಚಯಕ್ಕೆ ಬಂದರು. ಸೋಮವಾರ ಸಂಜೆ ಬರುವಾಗ ಅವರ ಕಂಕುಳಲ್ಲಿ ಕೆಂಪು ರಟ್ಟಿನ ಇನ್ನೂರು ಪುಟದ ಪುಸ್ತಕವೊಂದಿತ್ತು.

ಹೆಂಡತಿ ಟೀ ತಂದಿಟ್ಟು, ಕಣ್ಣರಳಿಸಿ ಶುರುಮಾಡಿದರು. "ರೀ, ಆ ಅಕ್ಕತಂಗಿ ವಿಷಯ, ಇವತ್ತು ಏನಾಯ್ತು ಗೊತ್ತಾ..."

ಗುಮಾಸ್ತರು ಕೈ ಎತ್ತಿದರು. "ಒಂದ್ನಿಮಿಷ. ವಿಷಯಸೂಚಿಯಲ್ಲಿ ಇಲ್ಲದ್ದು ಬೇಡ. ಇವತ್ತಿಂದ ಈ ಮನೇಲಿ ಏನೇ ಮಾತಾದರೂ ನಡಾವಳಿ ಆಗುತ್ತೆ. ಹೇಳಿದೆ, ಹೇಳಿಲ್ಲ ಅನ್ನೋ ರಗಳೆಯೇ ಇರಲ್ಲ. ಮೊದಲನೇ ವಿಷಯ, ಹಿಂದಿನ ಕೋಣೆ."

ಹಿಂದಿನ ಕೋಣೆ ಆ ಮನೆಯ ಹಳೇ ವ್ಯಾಜ್ಯ. ಅದಕ್ಕೊಂದು ದೊಡ್ಡ ಕಿಟಕಿಯಿತ್ತು. ಬೆಳಕು ಚೆನ್ನಾಗಿದೆ, ಯಂತ್ರ ಅಲ್ಲಿಗೆ ಹೋಗಲಿ ಎನ್ನುವುದು ಹೆಂಡತಿಯ ವಾದ. ಗಾಳಿ ಚೆನ್ನಾಗಿದೆ, ತಾವು ಅಲ್ಲಿಗೆ ಹೋಗಬೇಕು ಎನ್ನುವುದು ಗುಮಾಸ್ತರ ವಾದ.

ಹೆಂಡತಿ ಅರಳಿಸಿದ್ದ ಕಣ್ಣನ್ನು ಹಾಗೇ ಕಿರಿದು ಮಾಡಿಕೊಂಡರು. "ನಿಮ್ಮ ತಲೆ! ಕೋಣೆ ಬೇಕಂತೆ ಕೋಣೆ. ಅಲ್ಲಿ ಕೂತು ಏನು ಮಾಡ್ತೀರಾ, ಗೊರಕೆ ತಾನೇ? ತಗೊಳ್ಳಿ. ತಗೊಂಡು ಅಲ್ಲೇ ಬಿದ್ದಿರಿ!"

ಗುಮಾಸ್ತರು ಗಂಭೀರವಾಗಿ ಬರೆದುಕೊಂಡು ಓದಿದರು. "ಹಿಂದಿನ ಕೋಣೆಯನ್ನು ಗೃಹಸ್ಥರ ವಿಶ್ರಾಂತಿ ಹಾಗೂ ಅಧ್ಯಯನಕ್ಕೆ ಬಿಟ್ಟುಕೊಡುವಂತೆ ಶ್ರೀಮತಿಯವರೇ ಸ್ವತಃ ಸೂಚಿಸಿದರು. ಸುದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ ತೀರ್ಮಾನಿಸಲಾಯಿತು."

"ನಾನು ಒಪ್ಪಿಲ್ಲ" ಎಂದರು ಅತ್ತೆ.

"ನೀವು ಖಾಯಂ ಆಹ್ವಾನಿತರು ಅತ್ತೆ. ಕೂರಬಹುದು, ಕೇಳಬಹುದು. ಮಾತಾಡೋ ಹಕ್ಕಿಲ್ಲ."

"ಹಾಗಂತ ಎಲ್ಲಿದೆ?"

ಗುಮಾಸ್ತರು ಇನ್ನೊಂದು ಸಾಲು ಬರೆದು ತೋರಿಸಿದರು. "ಇಲ್ಲಿದೆ."

ಸಹಿಗಾಗಿ ಪುಸ್ತಕ ಹೆಂಡತಿಯ ಮುಂದೆ ಹೋಯಿತು. ಆಕೆ ಎರಡು ಸಲ ಓದಿ ಮೆಲ್ಲಗೆ ಹಿಂದಕ್ಕೆ ತಳ್ಳಿದರು. "ನಾನಾಡಿದ ಮಾತಾದ್ರೆ ಸಹಿ ಹಾಕ್ತೀನಿ. ಇದು ಯಾರೋ ಬೇರೆ ಹೆಂಗಸು ಆಡಿದ್ದು. ಅವಳನ್ನೇ ಕರೆಸಿ ಹಾಕಿಸಿಕೊಳ್ಳಿ."

ಗುಮಾಸ್ತರು 'ಸಹಿ ಬಾಕಿ' ಎಂದು ಬರೆದು, ಅಂದೇ ತಮ್ಮ ಕುರ್ಚಿಯನ್ನು ಹಿಂದಿನ ಕೋಣೆಗೆ ಎಳೆದುಕೊಂಡು ಹೋದರು. ಗೆದ್ದ ಮನುಷ್ಯ ಕಿಟಕಿ ತೆಗೆದು ಗಾಳಿ ಕುಡಿದ. ಟೀ ಆರಿಹೋಗಿತ್ತು.

ಸುದ್ದಿಗೆ ಕಾಲಿಲ್ಲದಿದ್ದರೂ ಬೀದಿಯೆಲ್ಲ ಓಡಾಡುತ್ತದೆ. ವಾರದೊಳಗೆ ಎದುರುಮನೆಯ ನಿವೃತ್ತ ಬಸ್ ಕಂಡಕ್ಟರು ಬಾಗಿಲು ತಟ್ಟಿದರು. ಜೊತೆಗೆ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು. ಮೇಷ್ಟ್ರ ಸ್ಕೂಟರು ಕಂಡಕ್ಟರ ಗೇಟಿಗೆ ಅಡ್ಡ ನಿಲ್ಲುತ್ತದೆ ಎಂಬುದು ಜಗಳ. "ನೀವೇ ಬರೀರಿ ಸಾರ್, ನಾಳೆ ಇವನು ಇಲ್ಲ ಅನ್ನಬಾರದು" ಎಂದರು ಕಂಡಕ್ಟರು. ಗುಮಾಸ್ತರ ಎದೆ ಉಬ್ಬಿತು. ಅರ್ಧ ಗಂಟೆ ಕಿರುಚಾಟ ಕೇಳಿಸಿಕೊಂಡು, "ಉಭಯತ್ರರೂ ಸೌಹಾರ್ದಯುತವಾಗಿ ಅಭಿಪ್ರಾಯ ವಿನಿಮಯ ಮಾಡಿಕೊಂಡರು" ಎಂದು ಬರೆದು ಓದಿದರು.

ಕಂಡಕ್ಟರು ಗಾಬರಿಯಾದರು. "ನಾನು ಇವನನ್ನ ಕತ್ತೆ ಅಂದಿದ್ದು ಎಲ್ಲಿದೆ?"

"ಅದೇ ಸಾರ್, ಅಭಿಪ್ರಾಯ."

"ಇವನು ತಿರುಗಿ ಏನೂ ಅನ್ನಲಿಲ್ವಲ್ಲ. ವಿನಿಮಯ ಎಲ್ಲಾಯ್ತು?"

ಅಲ್ಲಿಯವರೆಗೆ ಸುಮ್ಮನಿದ್ದ ಡ್ರಾಯಿಂಗ್ ಮೇಷ್ಟ್ರಿಗೆ ಈಗ ಚುರುಕ್ಕೆಂದಿತು. "ಅಂದ್ರೆ ನಾನು ಬಾಯಿಸತ್ತವನು ಅಂತ ದಾಖಲೆ ಆಗ್ಬೇಕಾ? ಇರಿ, ಈಗ ಅಂತೀನಿ, ಬರ್ಕೊಳ್ಳಿ!" ಎಂದು ಅಂಗಿಯ ತೋಳು ಮಡಿಚಿ ಶುರುಮಾಡಿದರು. ಗೇಟಿನ ಜಗಳ ಅಜ್ಜಂದಿರವರೆಗೆ ಹೋಯಿತು. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಮಧ್ಯೆ ಗುಮಾಸ್ತರ ಲೇಖನಿ ಮುರಿಯಿತು. ಮರುದಿನದಿಂದ ಸ್ಕೂಟರು ಗುಮಾಸ್ತರ ಬಾಗಿಲಿಗೇ ಅಡ್ಡ ನಿಲ್ಲತೊಡಗಿತು. ಅದರ ಬಗ್ಗೆ ಇಬ್ಬರಲ್ಲೂ ಭಿನ್ನಾಭಿಪ್ರಾಯ ಇರಲಿಲ್ಲ.

ಇದೆಲ್ಲ ಹೊರಗಿನ ಮಾತಾಯಿತು. ಮನೆಯೊಳಗೆ ಬೇರೆಯೇ ಒಂದು ಬದಲಾವಣೆ ಆಗಿತ್ತು, ಅದು ಗುಮಾಸ್ತರ ಗಮನಕ್ಕೆ ಬರಲು ಒಂದು ವಾರ ಹಿಡಿಯಿತು. ಹೆಂಡತಿ ಮಾತು ನಿಲ್ಲಿಸಿರಲಿಲ್ಲ. ಹಾಗೆ ನಿಲ್ಲಿಸಿದ್ದರೆ ಜಗಳವೆಂದಾದರೂ ಹೆಸರಿಡಬಹುದಿತ್ತು. ಆಕೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದರು.

"ಊಟಕ್ಕೇನೇ ಇವತ್ತು?"

"ಊಟ."

"ಯಾಕೆ ಒಂಥರಾ ಇದ್ದೀಯಾ?"

"ಇದು ದಾಖಲಾಗುತ್ತಾ?"

"ಇಲ್ಲ ಕಣೇ, ಸುಮ್ನೆ ಕೇಳಿದೆ."

"ಹಾಗಾದ್ರೆ ಸುಮ್ನೆ ಇದ್ದೀನಿ."

ಸಂಜೆ ಆರಕ್ಕೆ ಟೀ ಹಿಂದಿನ ಕೋಣೆಗೇ ಬರುತ್ತಿತ್ತು. ಲೋಟ ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿತ್ತು, ತಂದ ಕೈ ಹಿಂದಿರುಗುತ್ತಿತ್ತು. ಗುಮಾಸ್ತರು ಒಬ್ಬರೇ ಕೂತು ಟೀ ಕುಡಿದರೆ ಅದು ಎರಡು ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಆಮೇಲೆ ಮಾಡಲು ಏನೂ ಇರಲಿಲ್ಲ. ಅಭ್ಯಾಸಬಲದಿಂದ ಒಮ್ಮೆ "ಹೂಂ" ಎಂದರು. ಖಾಲಿ ಕೋಣೆಯಲ್ಲಿ ಆ ಹೂಂ ಕೇಳಿ ಅವರಿಗೇ ನಾಚಿಕೆಯಾಯಿತು.

ಹಾಲಿನಲ್ಲಿ ಯಂತ್ರದ ಸದ್ದು, ಗಿರಾಕಿಗಳ ಮಾತು, ನಗು. ಇವರು ಚಪ್ಪಲಿ ಹುಡುಕುವ ನೆಪದಲ್ಲಿ ಅಲ್ಲಿಗೆ ಹೋದರೆ ಯಂತ್ರದ ಸದ್ದು ಮಾತ್ರ. ಎರಡನೇ ಶುಕ್ರವಾರ ರಜೆ ಹಾಕಿ ಮನೆಯಲ್ಲಿದ್ದಾಗ, ಸಂಜೆ ನಾಲ್ಕೂವರೆಗೆ ಹಾಲಿನಲ್ಲಿ ಇಬ್ಬರು ಹೆಂಗಸರು ಗಂಟಲು ಹರಿಯುವಂತೆ ಕೂಗಾಡುವುದು ಕೇಳಿಸಿತು. ಗುಮಾಸ್ತರು ಬಾಗಿಲಿಗೆ ಕಿವಿಯಿಟ್ಟರು. "ಒಂದು ವರ್ಷ!" ಎಂಬುದೊಂದೇ ಸ್ಪಷ್ಟವಾಗಿ ಕೇಳಿಸಿತು. ಅವರಾ? ಅಕ್ಕತಂಗಿಯರಾ? ತಡೆಯಲಾರದೆ ಬಾಗಿಲು ಸರಿಸಿ ಇಣುಕಿದರೆ ಅತ್ತೆ ಅಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದರು.

"ಅತ್ತೆ, ಯಾರದು? ಏನಾಯ್ತು?"

"ನಾನು ಖಾಯಂ ಆಹ್ವಾನಿತಳು ಅಳಿಯಂದಿರೇ. ಮಾತಾಡೋ ಹಕ್ಕಿಲ್ಲ" ಎಂದು ಅತ್ತೆ ಬಾಗಿಲು ಮುಚ್ಚಿದರು.

ಆಮೇಲೆ ಗುಮಾಸ್ತರು ಹಿಂದಿನ ಕೋಣೆಯಲ್ಲಿ ಶತಪಥ ತುಳಿದರು. ತಂಗಿ ಆ ಅಂಗಿ ತಂದಿದ್ದೇಕೆ? ಉಪಾಯ ಏನು? ಇಪ್ಪತ್ತೆರಡು ವರ್ಷದಲ್ಲಿ ನೀರು ಸರಬರಾಜಿನ ಒಂದು ಸಭೆಯ ಬಗ್ಗೆಯೂ ಅವರಿಗೆ ಇಷ್ಟು ಕುತೂಹಲ ಹುಟ್ಟಿರಲಿಲ್ಲ. ಮುಂದಿನ ಸೋಮವಾರ ವಿಷಯಸೂಚಿಯಲ್ಲಿ ಮೂರನೆಯದಾಗಿ ಮೆಲ್ಲಗೆ ಸೇರಿಸಿದರು: "ಅಕ್ಕತಂಗಿಯರ ಪ್ರಕರಣದ ಪ್ರಗತಿ ಪರಿಶೀಲನೆ."

ಹೆಂಡತಿ ಪುಸ್ತಕ ನೋಡಿದರು, ಗಂಡನನ್ನು ನೋಡಿದರು. "ಆ ವಿಷಯ ಈ ಸಭೆಯ ವ್ಯಾಪ್ತಿಗೆ ಬರಲ್ಲ."

"ಅಲ್ಲ, ಮೊದಲೆಲ್ಲ ನೀನೇ..."

"ಮೊದಲು ನಾನು ಮಾತಾಡ್ತಿದ್ದೆ. ಈಗ ಹೇಳಿಕೆ ಕೊಡ್ತಿದ್ದೀನಿ. ಒಂದು ಹೇಳ್ಳಾ? ನನ್ನ ಮಾತು ನನ್ನದಾಗಿ ಉಳಿಯದ ಕಡೆ ನನಗೆ ಬಾಯಿ ಬಿಡೋಕೆ ಭಯ ಆಗುತ್ತೆ ರೀ." ಹೀಗೆಂದು ಆಕೆ ಎದ್ದು ಹೋದರು. ದನಿ ಏರಿರಲಿಲ್ಲ. ಗುಮಾಸ್ತರು ಬರೆಯಲು ಎತ್ತಿದ್ದ ಲೇಖನಿಯನ್ನು ಏನು ಮಾಡುವುದೆಂದು ತಿಳಿಯದೆ ಜೇಬಿಗೆ ಸಿಕ್ಕಿಸಿಕೊಂಡರು. ಮುಚ್ಚಳ ಹಾಕಿರಲಿಲ್ಲ. ಅಂಗಿಯ ಮೇಲೆ ಅಂಗೈಯಗಲ ಶಾಯಿ ಹರಡಿತು.

ಮರುದಿನ ಕಚೇರಿಯಲ್ಲಿ ತಿಂಗಳ ಸಭೆ. ಗುಮಾಸ್ತರ ಕೈ ಅಲ್ಲಿತ್ತು, ಮನಸ್ಸು ಮನೆಯ ಹಾಲಿನಲ್ಲಿತ್ತು. ಕಿವಿಗೆ ಬಿದ್ದದ್ದನ್ನು ಕೈ ತಾನಾಗಿ ಬರೆಯುತ್ತಾ ಹೋಯಿತು. ಅದನ್ನು 'ನಡಾವಳಿ'ಯಾಗಿ ಅಡುಗೆ ಮಾಡಲು ತಲೆ ಊರಲ್ಲೇ ಇರಲಿಲ್ಲ. ಮಧ್ಯಾಹ್ನ ಸಾಹೇಬರು ಎಲ್ಲರನ್ನೂ ಕೂರಿಸಿ, ಎಂದಿನಂತೆ ಕಣ್ಣುಮುಚ್ಚಿ ಸಹಿ ಹಾಕುವ ಮೊದಲು, "ಒಂದ್ಸಲ ಓದಿಬಿಡಿ" ಎಂದರು.

ಗುಮಾಸ್ತರು ಎದ್ದು ನಿಂತು ಓದಿದರು. "ಸಾಹೇಬರು: ಏನ್ರೀ, ಪೂರ್ವದ ಟ್ಯಾಂಕು ಯಾಕೆ ಸೋರ್ತಿದೆ? ಹಿರಿಯ ಇಂಜಿನಿಯರು: ಅದನ್ನ ಈ ಮಹಾನುಭಾವನ್ನೇ ಕೇಳಿ. ಕಿರಿಯ ಇಂಜಿನಿಯರು: ನಾನು ಬರೋಕೆ ಮುಂಚಿಂದ್ಲೂ ಸೋರ್ತಿದೆ ಸಾರ್, ಇವರ ತಲೆ ಥರ. ಸಾಹೇಬರು: ಇಬ್ರೂ ಬಾಯಿ ಮುಚ್ಚಿ. ನನಗೆ ಮೇಲಿನವರು ಬಂದಾಗ ಸೋರದಿದ್ರೆ ಸಾಕು, ಹೋದ್ಮೇಲೆ ಹಾಳಾಗಿ ಹೋಗ್ಲಿ."

ಸಾಹೇಬರ ಮುಖ ಕೆಂಪಾಗಿ, ಬೆಳ್ಳಗಾಗಿ, ಕೊನೆಗೆ ಮಾಮೂಲಿ ಬಣ್ಣಕ್ಕೆ ಬಂತು.

"ಏನ್ರೀ ಇದು ಸರ್ವಾನುಮತ?"

"ನೀವು ಹೇಳಿದ್ದೇ ಸಾರ್."

"ಹೇಳಿದ್ದನ್ನ ಬರೆಯೋಕೆ ನಿಮಗೆ ಸಂಬಳ ಕೊಡ್ತಿದ್ದೀವಾ? ಅವತ್ತು ಲೋಟ ಎಸೆದಾಗ ಎಷ್ಟು ಲಕ್ಷಣವಾಗಿ ಬರೆದಿದ್ರಿ!" ಸಾಹೇಬರು ಕಾಗದ ಮಡಿಚಿ ತಮ್ಮ ಜೇಬಿಗೇ ಹಾಕಿಕೊಂಡರು. "ಮನೆಗೆ ಹೋಗಿ, ಮಲಗಿ. ನಾಳೆ ಬಂದು ಏನೂ ನಡೆದಿಲ್ಲ ಅನ್ನೋ ಹಾಗೆ ಇನ್ನೊಂದು ಬರೀರಿ."

ಅರ್ಧ ದಿನಕ್ಕೇ ಬೀದಿಗೆ ಬಿದ್ದ ಗುಮಾಸ್ತರು ನಡೆಯುತ್ತಾ ಯೋಚಿಸಿದರು. ಹೇಳಿದ್ದನ್ನು ಬರೆದಿದ್ದಕ್ಕೆ ಇಲ್ಲಿ ಬೈಗುಳ. ಹೇಳದ್ದನ್ನು ಬರೆದಿದ್ದಕ್ಕೆ ಅಲ್ಲಿ ಬಾಗಿಲು ಬಂದ್. ಅವರು ಮಾಡಿದ್ದು ಒಂದೇ ತಪ್ಪು, ಪುಸ್ತಕಗಳು ಅದಲುಬದಲಾಗಿದ್ದವು. ಹೊಳೆದದ್ದೇ ತಡ, ಕಾಲು ಚುರುಕಾಯಿತು. ಮನೆಗೆ ಬಂದವರೇ ಸ್ಕೂಟರು ದಾಟಿಕೊಂಡು ಒಳಗೆ ಹೋಗಿ, ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಎರಡು ಗಂಟೆ ಬರೆದರು.

ಸಂಜೆ ಆರಕ್ಕೆ ಕೆಂಪು ಪುಸ್ತಕ ಹಿಡಿದು ಹಾಲಿಗೆ ಬಂದರು. "ತುರ್ತು ಸಭೆ" ಎಂದರು. "ಹಿಂದಿನ ನಡಾವಳಿಗೆ ತಿದ್ದುಪಡಿ."

ಹೆಂಡತಿ ಯಂತ್ರದ ಚಕ್ರಕ್ಕೆ ಕೈ ಅಡ್ಡ ಕೊಟ್ಟು ನಿಲ್ಲಿಸಿದರು. ಅತ್ತೆ ಸ್ಟೂಲು ಮುಂದಕ್ಕೆ ಎಳೆದುಕೊಂಡರು.

"ಶ್ರೀಮತಿ: ನಿಮ್ಮ ತಲೆ! ಕೋಣೆ ಬೇಕಂತೆ ಕೋಣೆ. ಅಲ್ಲಿ ಕೂತು ಏನು ಮಾಡ್ತೀರಾ, ಗೊರಕೆ ತಾನೇ? ತಗೊಳ್ಳಿ. ತಗೊಂಡು ಅಲ್ಲೇ ಬಿದ್ದಿರಿ." ಗುಮಾಸ್ತರು ಪುಟ ತಿರುಗಿಸಿದರು. "ಅತ್ತೆ: ನಾನು ಒಪ್ಪಿಲ್ಲ. ಗೃಹಸ್ಥ: ಕಿವಿಗೆ ಹಾಕಿಕೊಳ್ಳಲಿಲ್ಲ. ಶ್ರೀಮತಿ: ನನ್ನ ಮಾತು ನನ್ನದಾಗಿ ಉಳಿಯದ ಕಡೆ ನನಗೆ ಬಾಯಿ ಬಿಡೋಕೆ ಭಯ ಆಗುತ್ತೆ ರೀ." ಇಲ್ಲಿ ಅವರು ಬೆರಳನ್ನು ಕೊನೆಯ ಸಾಲಿಗೆ ಇಳಿಸಿದರು. "ಇನ್ನೊಂದು ಇದೆ. ಭಾನುವಾರದ್ದು. ನಿನ್ನ ಅಕ್ಕ, ಭಾವ ಬರ್ತಾರೆ ಅಂತ ಹೇಳಬೇಕು ಅಂದುಕೊಂಡಿದ್ದು ನಿಜ. ಆದರೆ ಗೃಹಸ್ಥನು ಹೇಳಿರಲಿಲ್ಲ."

ಅತ್ತೆ ಕನ್ನಡಕ ತೆಗೆದು ಮಗಳ ಮುಖ ನೋಡಿದರು. ಮಗಳು ಕೈ ಚಾಚಿದರು. "ಕೊಡಿ ಇಲ್ಲಿ."

ಪುಸ್ತಕ ಕೊಟ್ಟರು. ಆಕೆ ಒಂದೊಂದೇ ಸಾಲನ್ನು ಬೆರಳಿಟ್ಟು ಓದಿ, ಬಟ್ಟೆಗೆ ಗುರುತು ಹಾಕುವ ಪೆನ್ಸಿಲಿನಿಂದಲೇ ಕೆಳಗೆ ಸಹಿ ಹಾಕಿದರು. "ಹೂಂ, ಇದು ನಾನೇ" ಎಂದರು. ಆಮೇಲೆ, "ಒಂದಕ್ಷರ ತಪ್ಪಿಲ್ಲ, ಎಲ್ಲಿತ್ತು ಇಷ್ಟು ದಿನ ಈ ಕಿವಿ?" ಎಂದು ಟೀ ಇಡಲು ಎದ್ದರು.

ಆ ಹೊತ್ತಿನಲ್ಲಿ ಗುಮಾಸ್ತರು ಮಾಡಿದ ಕೆಲಸ ಅವರ ಸೊಂಟಕ್ಕೆ ಇಂದಿಗೂ ನೆನಪಿದೆ. ಹೊಲಿಗೆ ಯಂತ್ರವನ್ನು ಒಬ್ಬರೇ ಎಳೆದು, ನೂಕಿ, ಹಿಂದಿನ ಕೋಣೆಯ ಕಿಟಕಿಯ ಪಕ್ಕ ತಂದು ನಿಲ್ಲಿಸಿದರು. ಪಕ್ಕದಲ್ಲಿ ತಮ್ಮ ಕುರ್ಚಿ ಹಿಡಿಸುವಷ್ಟೇ ಜಾಗ ಉಳಿದಿತ್ತು, ಸಾಕಾಯಿತು.

ಹೆಂಡತಿ ಟೀ ಕೊಟ್ಟು, ಯಂತ್ರದ ಮುಂದೆ ಕೂತು, ಕಾಜಾ ಹೊಲಿಯಲು ಒಂದು ಅಂಗಿ ಎತ್ತಿಕೊಂಡರು. "ಎಲ್ಲಿಗೆ ನಿಲ್ಲಿಸಿದ್ದೆ ನಾನು? ನಿಮಗೆಲ್ಲಿ ಗೊತ್ತಿರುತ್ತೆ."

"ತಂಗಿ ಹಳೇ ನೀಲಿ ಅಂಗಿ ತಂದ್ಕೊಟ್ಟು ಯಾರಿಗೆ ಅಂತ ಕೇಳ್ಬೇಡಿ ಅಂದ್ಲು. ಮರುದಿನ ಅಕ್ಕ ಬಂದು ಗಾಳಿಗೆ ಹಾರಿಹೋಯ್ತು, ಅಂಥದ್ದೇ ಬೇಕು ಅಂದ್ಲು. ಎರಡೂ ಅಂಗಿ ಒಬ್ಬಳಿಗೇ. ನೀನು ಒಂದು ಉಪಾಯ ಮಾಡಿದ್ದೆ, ಸೋಮವಾರ ಹೇಳ್ತೀನಿ ಅಂದೆ. ಸೋಮವಾರ ನಾನು..." ಗುಮಾಸ್ತರು ಟೀ ಲೋಟದೊಳಗೆ ನೋಡಿದರು. "ಸೋಮವಾರ ನಾನು ಕೈ ಎತ್ತಿದೆ."

ಸೂಜಿ ಬಟ್ಟೆಯಲ್ಲಿ ಹಾಗೇ ನಿಂತಿತು. ಇಪ್ಪತ್ತು ವರ್ಷ ಹೂಂ ಎನ್ನುವ ಗೋಡೆಗೆ ಕಥೆ ಹೇಳುತ್ತಿದ್ದೇನೆ ಎಂದುಕೊಂಡಿದ್ದ ಹೆಂಗಸು ಆಕೆ. ಮೂಗು ಒರೆಸಿಕೊಂಡು, ಸೂಜಿಗೆ ಹೊಸ ದಾರ ಪೋಣಿಸಿದರು.

"ಉಪಾಯ ಏನಂದ್ರೆ, ಆ ಸೋಮವಾರ ಇಬ್ರಿಗೂ ಮುಂದಿನ ವಾರ ಶುಕ್ರವಾರ ನಾಲ್ಕಕ್ಕೇ ಬನ್ನಿ ಅಂದಿದ್ದೆ. ಎರಡೂ ಹೊಸ ಅಂಗಿ, ಅಳತೆಯ ಹಳೇದು, ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದೆ. ಬಂದು ಬೆಂಚಿನ ಈ ತುದೀಲೊಬ್ಬಳು, ಆ ತುದೀಲೊಬ್ಬಳು. ಅರ್ಧ ಗಂಟೆ ತುಟಿ ಪಿಟಕ್ಕೆನ್ನಲಿಲ್ಲ ರೀ! ಕೊನೆಗೆ ತಂಗಿ ಗಂಟಿನಿಂದ ಆ ಹಳೇ ಅಂಗಿ ತೆಗೆದು ಅಕ್ಕನ ಕಡೆ ತಳ್ಳಿದ್ಲು. 'ಎಲ್ಲಿ ಸಿಕ್ತು?' ಅಂದ್ಲು ಅಕ್ಕ. 'ನನ್ನ ಅಂಗಳಕ್ಕೆ ಬಿದ್ದಿತ್ತು, ಹೋದ ವರ್ಷ.' 'ಒಂದು ವರ್ಷ ಇಟ್ಕೊಂಡಿದ್ಯಾ? ಒಂದು ವರ್ಷ!' 'ಕೊಡೋಕೆ ಬಂದ್ರೆ ನೀನು ಬಾಗಿಲು ತೆಗೀತಿದ್ಯಾ? ಇಟ್ಕೊಂಡು ಇಟ್ಕೊಂಡು ಅಂಗಿ ಮಾಸಿಹೋಯ್ತು. ಅದಕ್ಕೇ ಹೊಸದು ಹೊಲಿಸ್ದೆ.' ಅಷ್ಟೇ! ಶುರುವಾಯ್ತು ನೋಡಿ ಜಗಳ, ಹನ್ನೊಂದು ವರ್ಷದ್ದೂ ಸೇರಿಸಿ. ಕೂಗಾಡ್ಕೊಂಡೇ ಗಂಟು ಎತ್ಕೊಂಡ್ರು, ಕೂಗಾಡ್ಕೊಂಡೇ ಒಟ್ಟಿಗೆ ಬೀದಿ ದಾಟಿದ್ರು. ಮನೆಗೆ ಹೋಗಿ ಇನ್ನೂ ಕೂಗಾಡ್ತಿದ್ದಾರಂತೆ, ಇಬ್ರೂ ಒಂದೇ ಅಡುಗೆಮನೇಲಿ."

ಬಾಗಿಲ ಬಳಿ ಸ್ಟೂಲಿನ ಮೇಲಿದ್ದ ಅತ್ತೆ, "ಅಳಿಯಂದಿರೇ, ಇದನ್ನೂ ಬರ್ಕೊಳ್ತೀರೇನು?" ಎಂದರು.

ಗುಮಾಸ್ತರು ಸುತ್ತಲೂ ನೋಡಿದರು. ಕೆಂಪು ಪುಸ್ತಕ ಆಗಲೇ ಅಲುಗಾಡುತ್ತಿದ್ದ ಯಂತ್ರದ ಕಾಲಿನ ಕೆಳಗೆ ಸೇರಿತ್ತು. ಹೆಂಡತಿ ದಾರ ಕಚ್ಚಿ ತುಂಡು ಮಾಡಿ, "ಇನ್ನೂ ಇದೆ ಕೇಳಿ" ಎಂದರು.

"ಹೂಂ" ಎಂದರು ಗುಮಾಸ್ತರು.